ಹಡಗಿನ ಪೂಲ್‌ನ ಉಪ್ಪು, ಹೋಂಸ್ಟೇ ಪೂಲ್‌ನ ಉಪ್ಪು

ಕಾಫಿ ಕೊಯ್ಲು ಮುಗಿದು, ಕಾಳುಮೆಣಸಿಗೆ ಒಳ್ಳೆಯ ರೇಟು ಸಿಕ್ಕ ವರ್ಷ ಕ್ರೂಸ್‌ಗೆ ಹೋಗಿಬರುವವರು ಕೊಡಗಿನಲ್ಲಿ ಈಗ ಅಪರೂಪವೇನಲ್ಲ. ಮುಂಬೈಯಿಂದ ಹೊರಡುವ ಹಡಗಿದೆ, ಸಿಂಗಾಪುರ, ದುಬೈಗಳಿಂದ ಹೊರಡುವವು ಇವೆ. ಹಿಂದಿರುಗಿದವರಲ್ಲಿ ಕೆಲವರ ದೂರು ಹೀಗಿರುತ್ತದೆ: “ಅಷ್ಟು ದುಡ್ಡು ಕೊಟ್ಟರೂ ಪೂಲ್‌ಗೆ ಕಡಲ ನೀರನ್ನೇ ಬಿಟ್ಟಿದ್ದಾರೆ ಮಾರಾಯ, ಬಾಯೆಲ್ಲ ಉಪ್ಪುಪ್ಪು.” ಇದೇ ಜನ ಇಲ್ಲಿನ ಯಾವುದೋ ರೆಸಾರ್ಟಿನ ಜಾಹೀರಾತಿನಲ್ಲಿ ‘ಸಾಲ್ಟ್ ವಾಟರ್ ಪೂಲ್’ ಎಂದು ಓದಿದರೆ ಹುಬ್ಬೇರಿಸಿ ಮೆಚ್ಚುತ್ತಾರೆ. ಉಪ್ಪು ಅಲ್ಲಿ ಜಿಪುಣತನ, ಇಲ್ಲಿ ಅಂತಸ್ತು. ನಿಜ ಹೇಳಬೇಕೆಂದರೆ ಆ ಎರಡು ಪೂಲ್‌ಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ನೀರು ಎಷ್ಟು ಶುದ್ಧ ಎಂಬುದಕ್ಕೂ ಅದು ಉಪ್ಪೋ ಸಿಹಿಯೋ ಎಂಬುದಕ್ಕೂ ಇರುವ ನಂಟು ನಾವು ಅಂದುಕೊಂಡಷ್ಟಿಲ್ಲ.

ಮೊದಲು ಉಪ್ಪಿನ ಲೆಕ್ಕ ನೋಡೋಣ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣ ಕರಗಿರುತ್ತದೆ, ಹೆಚ್ಚುಕಡಿಮೆ ಎರಡು ದೊಡ್ಡ ಚಮಚ. ಎಲ್ಲ ಕಡಲೂ ಒಂದೇ ಸಮ ಇಲ್ಲ. ಕೆಂಪು ಸಮುದ್ರದಲ್ಲಿ ಇದು 40 ಗ್ರಾಂ ತಲುಪುತ್ತದೆ, ಮೆಡಿಟರೇನಿಯನ್‌ನಲ್ಲಿ 38ರ ಆಸುಪಾಸು, ನದಿಗಳ ನೀರು ಧಾರಾಳವಾಗಿ ಸೇರುವ ಬಾಲ್ಟಿಕ್ ಸಮುದ್ರದ ಮೇಲ್ಪದರದಲ್ಲಿ ಏಳೆಂಟು ಗ್ರಾಂ ಮಾತ್ರ. ನಮ್ಮ ಕಡೆಯ ಅರಬ್ಬಿ ಸಮುದ್ರ ಸರಾಸರಿಗಿಂತ ಸ್ವಲ್ಪ ಹೆಚ್ಚೇ ಉಪ್ಪು, ಬಂಗಾಳ ಕೊಲ್ಲಿ ಕಡಿಮೆ. ಇನ್ನು ನೆಲದ ಮೇಲಿನ ‘ಸಾಲ್ಟ್ ವಾಟರ್ ಪೂಲ್’ನಲ್ಲಿ ಲೀಟರಿಗೆ ಇರುವುದು 3ರಿಂದ 5 ಗ್ರಾಂ. ನಮ್ಮ ಕಣ್ಣೀರಿನಲ್ಲೇ ಅದಕ್ಕಿಂತ ಹೆಚ್ಚು ಉಪ್ಪಿದೆ, ಲೀಟರಿಗೆ 9 ಗ್ರಾಂ ಲೆಕ್ಕದಲ್ಲಿ.

ಎಂಟು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಸಣ್ಣ ಪೂಲ್ ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಹಿಡಿಯುವುದು 60 ಸಾವಿರ ಲೀಟರ್. ಕಡಲ ನೀರು ತುಂಬಿದರೆ ಅದರಲ್ಲಿ ಎರಡು ಟನ್ನಿಗೂ ಮಿಕ್ಕಿ ಲವಣ ಇರುತ್ತದೆ. ರೆಸಾರ್ಟಿನವರು ಅದೇ ಅಳತೆಯ ಪೂಲ್‌ಗೆ ಸುರಿಯುವುದು ಐವತ್ತು ಕಿಲೋದ ಐದು ಚೀಲದಷ್ಟು. ಅಂತರ ಇಷ್ಟಿರುವಾಗ ಒಂದರ ಗುಣದೋಷವನ್ನು ಇನ್ನೊಂದಕ್ಕೆ ಹೊರಿಸಿ ಮಾತಾಡುವುದರಲ್ಲಿ ಅರ್ಥವಿಲ್ಲ.

ರೆಸಾರ್ಟಿನವರು ಆ ಉಪ್ಪು ಹಾಕುವುದಾದರೂ ಯಾಕೆ? ಈಜುವವರಿಗಾಗಿ ಅಲ್ಲ, ಪಂಪ್ ರೂಮಿನಲ್ಲಿರುವ ಒಂದು ಯಂತ್ರಕ್ಕಾಗಿ. ಅದರ ಹೆಸರು ಸಾಲ್ಟ್ ಕ್ಲೋರಿನೇಟರ್. ಒಳಗೆ ವಿಶೇಷ ಲೇಪನವಿರುವ ಟೈಟೇನಿಯಂ ತಗಡುಗಳಿರುತ್ತವೆ. ಉಪ್ಪುನೀರು ಅವುಗಳ ನಡುವೆ ಹರಿಯುವಾಗ ಕರೆಂಟು ಹಾಯಿಸಿದರೆ ಸೋಡಿಯಂ ಕ್ಲೋರೈಡಿನಿಂದ ಕ್ಲೋರಿನ್ ಹುಟ್ಟುತ್ತದೆ. ಆ ಕ್ಲೋರಿನ್ ಕ್ರಿಮಿಗಳನ್ನು ಕೊಂದು, ತನ್ನ ಕೆಲಸ ಮುಗಿಸಿ, ಮತ್ತೆ ಕ್ಲೋರೈಡಾಗಿ ನೀರಿಗೇ ಸೇರುತ್ತದೆ. ಹಾಗಾಗಿ ಉಪ್ಪು ಖರ್ಚಾಗುವುದು ಬಹಳ ನಿಧಾನ. ಅಂದರೆ ‘ಉಪ್ಪುನೀರಿನ ಪೂಲ್, ಕ್ಲೋರಿನ್ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಡಬ್ಬದಲ್ಲಿ ತಂದು ಸುರಿಯುವ ಕ್ಲೋರಿನ್ ಇಲ್ಲ, ಅಲ್ಲೇ ತಯಾರಾಗುವ ಕ್ಲೋರಿನ್ ಇದೆ, ಅಷ್ಟೇ ವ್ಯತ್ಯಾಸ. ದಿನವಿಡೀ ಒಂದೇ ಹದದಲ್ಲಿ ಸಣ್ಣಸಣ್ಣ ಪ್ರಮಾಣದಲ್ಲಿ ಹುಟ್ಟುವುದರಿಂದ ಘಾಟು ಕಡಿಮೆ ಎನಿಸುತ್ತದೆ. ಆ ಮಟ್ಟಿಗೆ ಜಾಹೀರಾತು ಸುಳ್ಳಲ್ಲ.

ಕೊಡಗಿನಲ್ಲಿ ಮಾತ್ರ ಈ ಏರ್ಪಾಟಿಗೆ ಒಬ್ಬ ಶತ್ರು ಇದ್ದಾನೆ. ಮಳೆ. ಮಡಿಕೇರಿ ಸುತ್ತಮುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದೂವರೆ ಮೀಟರ್ ಆಳದ ಪೂಲ್‌ನ ಮೇಲೆ ಮೂರು ಮೀಟರ್ ನೀರು ಸುರಿದರೆ ಏನಾಗುತ್ತದೆ ಎಂದು ಯೋಚಿಸಿ. ಕಕ್ಕಡ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಕಳೆಯುವ ಹೊತ್ತಿಗೆ ಹಾಕಿದ ಉಪ್ಪಿನ ಬಹುಪಾಲು ತುಳುಕಿ ಹೊರಗೆ ಹೋಗಿ ಚೀಲ ತರುವ ಕೆಲಸ ಮತ್ತೆ ಶುರು. ತುಳುಕಿದ್ದು ಎಲ್ಲಿಗೆ ಹೋಯಿತು? ಇಳಿಜಾರಿನ ಕೆಳಗೆ ಇರುವುದು ಕಾಫಿ ಗಿಡ, ಮೆಣಸಿನ ಬಳ್ಳಿ, ಇಲ್ಲವೆ ತೋಡು. ಮಳೆಗಾಲದಲ್ಲಾದರೆ ಉಪ್ಪು ತೆಳುವಾಗಿ ಹರಿದು ಹೋಗುತ್ತದೆ. ಬೇಸಿಗೆಯಲ್ಲಿ ಫಿಲ್ಟರ್ ತೊಳೆದ ನೀರನ್ನು ಒಂದೇ ಜಾಗಕ್ಕೆ ಬಿಡುತ್ತಾ ಬಂದರೆ ಅಲ್ಲಿನ ಮಣ್ಣಿನಲ್ಲಿ ಉಪ್ಪು ಕೂರುತ್ತದೆ. ಹಡಗಿನ ಎಂಜಿನಿಯರಿಗೆ ಇಲ್ಲದ ತಲೆನೋವು ಇದು. ಅವನ ಸುತ್ತ ಇರುವುದೇ ಉಪ್ಪು.

ಇನ್ನು ಹಡಗಿನ ಮಾತು. ಎಲ್ಲ ಹಡಗುಗಳಲ್ಲೂ ಕಡಲ ನೀರೇ ಇರುತ್ತದೆ ಎಂದೇನಿಲ್ಲ. ಕೆಲವದರಲ್ಲಿ ಕಡಲ ನೀರು, ಕೆಲವದರಲ್ಲಿ ಸಿಹಿನೀರು, ಕೆಲವದರಲ್ಲಿ ದೊಡ್ಡ ಪೂಲ್‌ಗೆ ಒಂದು, ಮಕ್ಕಳ ನೀರಾಟಕ್ಕೆ ಇನ್ನೊಂದು. ಕಡಲ ನೀರು ಬಳಸುವ ಹಡಗಿನಲ್ಲಿ ನೀರು ಬರುವ ದಾರಿ ಸರಳ. ನೀರಿನ ಮಟ್ಟಕ್ಕಿಂತ ಕೆಳಗೆ ಹಡಗಿನ ಹೊಟ್ಟೆಯಲ್ಲಿ ಜರಡಿ ಹಾಕಿದ ಗೂಡುಗಳಿರುತ್ತವೆ, ಅವನ್ನು ಸೀ ಚೆಸ್ಟ್ ಎನ್ನುತ್ತಾರೆ. ಎಂಜಿನ್ ತಣಿಸುವ ನೀರು, ಬೆಂಕಿ ಆರಿಸುವ ಪೈಪಿನ ನೀರು ಎಲ್ಲ ಅಂಥ ಗೂಡುಗಳಿಂದಲೇ ಒಳಬರುವುದು. ಜರಡಿ ದಾಟಿದ ನೀರನ್ನು ಪಂಪು ಹತ್ತಾರು ಮೀಟರ್ ಮೇಲಿನ ಡೆಕ್ಕಿಗೆ ಎತ್ತುತ್ತದೆ.

ಮೇಲೆ ಬಂದ ಮೇಲೆ ಎರಡು ದಾರಿ. ಒಂದನೆಯದರಲ್ಲಿ ನೀರು ಒಂದು ಕಡೆಯಿಂದ ಒಳಬರುತ್ತಲೇ ಇರುತ್ತದೆ, ಇನ್ನೊಂದು ಕಡೆಯಿಂದ ಹೊರಬಿದ್ದು ಸಮುದ್ರಕ್ಕೇ ಹೋಗುತ್ತದೆ. ಹಡಗು ಸಾಗುತ್ತಿರುವಷ್ಟು ಹೊತ್ತೂ ಪೂಲ್‌ನ ನೀರು ಹೊಸದಾಗುತ್ತಲೇ ಇರುತ್ತದೆ, ಆ ಹೊಸತನವೇ ಅಲ್ಲಿ ಮುಖ್ಯ ರಕ್ಷಣೆ. ಎರಡನೆಯದರಲ್ಲಿ ಒಮ್ಮೆ ತುಂಬಿದ ನೀರನ್ನೇ ಫಿಲ್ಟರಿಗೆ ಹಾಯಿಸಿ, ಕ್ಲೋರಿನ್ ಸೇರಿಸಿ, ಸುತ್ತಿಸುತ್ತಾರೆ. ಊರಿನ ಯಾವುದೇ ಪೂಲ್‌ ನಡೆಯುವುದು ಈ ಎರಡನೆಯ ಬಗೆಯಲ್ಲಿ. ಕಡಲ ನೀರಿನ ಅನೇಕ ಪೂಲ್‌ಗಳಲ್ಲಿ ಎರಡಕ್ಕೂ ವ್ಯವಸ್ಥೆ ಇಟ್ಟಿರುತ್ತಾರೆ, ವಾಲ್ವ್ ತಿರುಗಿಸಿದರೆ ಒಂದರಿಂದ ಇನ್ನೊಂದಕ್ಕೆ.

ಯಾವಾಗ ತಿರುಗಿಸಬೇಕು ಎಂಬುದರಲ್ಲಿ ಸ್ವಾರಸ್ಯವಿದೆ. ಅಮೆರಿಕದ ಬಂದರುಗಳಿಗೆ ಹೋಗುವ ಪ್ರವಾಸಿ ಹಡಗುಗಳನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1970ರ ದಶಕದಿಂದ ತಪಾಸಣೆ ಮಾಡುತ್ತಾ ಬಂದಿದೆ. ಹಡಗಿಗೆ ನೂರಕ್ಕೆ ಅಂಕ ಕೊಡುತ್ತಾರೆ, 86 ಬಂದರೆ ಪಾಸು, 85 ಆದರೆ ಫೇಲು. ಅಡುಗೆಮನೆ, ಕುಡಿಯುವ ನೀರಿನ ಜೊತೆಗೆ ಪೂಲ್‌ ಕೂಡ ಪರೀಕ್ಷೆಗೆ ಒಳಗಾಗುತ್ತದೆ. ಆ ನಿಯಮಾವಳಿಯ ಪ್ರಕಾರ ಕಡಲ ನೀರನ್ನು ಹೀಗೆ ಒಳಬಿಟ್ಟು ಹೊರಬಿಡುವ ಪದ್ಧತಿಯನ್ನು ಹಡಗು ಚಲಿಸುತ್ತಿರುವಾಗ, ದಡದಿಂದ 12 ನಾಟಿಕಲ್ ಮೈಲಿಗಿಂತ ಆಚೆ ಮಾತ್ರ ಬಳಸಬಹುದು. ನಮ್ಮ ಲೆಕ್ಕದಲ್ಲಿ ಸುಮಾರು 22 ಕಿಲೋಮೀಟರ್. ದಡ ಹತ್ತಿರವಾಗುವ ಮೊದಲು ಒಂದೋ ಪೂಲ್‌ ಖಾಲಿ ಮಾಡಬೇಕು, ಇಲ್ಲವೇ ಹೊರಗಿನ ನೀರು ನಿಲ್ಲಿಸಿ ಒಳಗಿನದನ್ನೇ ಶುದ್ಧಗೊಳಿಸುತ್ತಾ ಸುತ್ತಿಸಬೇಕು. ಬಂದರಿಗೆ ಬಂದ ಬೆಳಿಗ್ಗೆ ಪೂಲ್‌ಗೆ ಬಲೆ ಹಾಕಿರುವುದನ್ನೋ, ತಳ ಒಣಗಿರುವುದನ್ನೋ ನೋಡಿ ಸಿಬ್ಬಂದಿಯ ಸೋಮಾರಿತನ ಎಂದು ಗೊಣಗಿದವರಿದ್ದಾರೆ. ಅದರ ಹಿಂದೆ ಈ 12 ಮೈಲಿಯ ಲೆಕ್ಕವೂ ಇರಬಹುದು.

ದಡದ ನೀರಿನ ಬಗ್ಗೆ ಇಷ್ಟು ಭಯ ಯಾಕೆಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಬೀಳುವ ಮಳೆಯೆಲ್ಲ ಕಾವೇರಿಯ ಜೊತೆ ಪೂರ್ವಕ್ಕೆ ಹೋಗುವುದಿಲ್ಲವಲ್ಲ. ಸಂಪಾಜೆ ಕಡೆಯ ನೀರು ಪಯಸ್ವಿನಿಯಾಗಿ ಇಳಿದು ಕಾಸರಗೋಡಿನ ಹತ್ತಿರ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಡಲು ಸೇರುತ್ತದೆ. ದಕ್ಷಿಣ ಕೊಡಗಿನ ಬರಪೊಳೆ ಕಣ್ಣೂರು ಕಡೆಗೆ ಇಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡಗಳು ಜರಿದಾಗ ಪಯಸ್ವಿನಿಯ ಬಣ್ಣ ಹೇಗಿತ್ತೆಂದು ನೋಡಿದವರಿಗೆ ಗೊತ್ತು. ಮಣ್ಣು, ಊರುಗಳ ಚರಂಡಿ, ತೋಟಗಳಿಗೆ ಹೊಡೆದ ಔಷಧಿ, ಬಂದರಿನ ದೋಣಿಗಳ ಎಣ್ಣೆ ಎಲ್ಲ ಸೇರುವುದು ದಡದ ಪಕ್ಕದ ಈ ಪಟ್ಟಿಗೇ. ದೂರದ ಕಡಲು ನೀಲಿಯಾಗಿ ಕಾಣುವುದು ಬರೀ ಕಣ್ಣಿಗೆ ಹಬ್ಬವಲ್ಲ, ಕೆಸರೂ ಪಾಚಿಯೂ ಕಡಿಮೆ ಎಂಬುದರ ಗುರುತು.

ಹಾಗಿದ್ದರೆ ಎಲ್ಲ ಹಡಗುಗಳೂ ಸಿಹಿನೀರನ್ನೇ ತುಂಬಬಾರದೇ? ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಹಡಗಿನಲ್ಲಿ ಸಿಹಿನೀರಿಗೆ ಬರ’ ಎಂಬುದು. ಇದು ಹಳೆಯ ಕಾಲಕ್ಕೆ ಸರಿ. 1912ರ ಟೈಟಾನಿಕ್‌ನಲ್ಲಿ ಒಳಾಂಗಣ ಈಜುಕೊಳ ಇತ್ತು, ಅದಕ್ಕೆ ಬಿಸಿ ಮಾಡಿದ ಕಡಲ ನೀರನ್ನೇ ಬಿಡುತ್ತಿದ್ದರು. ಆಗ ಸಿಹಿನೀರನ್ನು ಈಜಲು ಖರ್ಚು ಮಾಡುವುದು ಯಾರ ಯೋಚನೆಗೂ ಬರುವ ಮಾತಾಗಿರಲಿಲ್ಲ. ಈಗಿನ ಕಥೆ ಬೇರೆ.

ಇವತ್ತಿನ ದೊಡ್ಡ ಹಡಗುಗಳು ತಮಗೆ ಬೇಕಾದ ಸಿಹಿನೀರಿನ ಬಹುಪಾಲನ್ನು ತಾವೇ ತಯಾರಿಸಿಕೊಳ್ಳುತ್ತವೆ, ಎರಡು ಬಗೆಯಲ್ಲಿ. ಒಂದು ನಮ್ಮ ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿರುವ ಅದೇ ಆರ್‌ಒ. ವ್ಯತ್ಯಾಸ ಒತ್ತಡದ್ದು. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ (ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂಬ ಅಳತೆ) ನೂರರ ಲೆಕ್ಕದಲ್ಲಿದ್ದರೆ ಕಡಲ ನೀರಿನದು 35 ಸಾವಿರ. ಮನೆಯ ಆರ್‌ಒಗೆ ವಾತಾವರಣದ ನಾಲ್ಕೈದು ಪಟ್ಟು ಒತ್ತಡ ಸಾಕು. ಕಡಲ ನೀರನ್ನು ಪೊರೆಯ ಮೂಲಕ ಹಿಂಡಲು 55ರಿಂದ 70 ಪಟ್ಟು ಬೇಕು. ಹಾಗೆ ಹಿಂಡಿದರೂ ಅರ್ಧಕ್ಕಿಂತ ಹೆಚ್ಚು ಪಾಲು ಇನ್ನೂ ಗಡುಸಾದ ಉಪ್ಪುನೀರಾಗಿ ಕಡಲಿಗೆ ವಾಪಸು.

ಎರಡನೆಯದು ಭಟ್ಟಿ ಇಳಿಸುವುದು. ಮಡಿಕೇರಿಯಲ್ಲಿ ಅನ್ನ ಬೇಯಲು ಕರಾವಳಿಗಿಂತ ಒಂದಿಷ್ಟು ಹೆಚ್ಚು ಹೊತ್ತು ಬೇಕಾಗುತ್ತದೆ. ಸುಮಾರು 1,150 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 96 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ಹಡಗಿನ ಎಂಜಿನಿಯರ್ ಇದೇ ನಿಯಮವನ್ನು ಇನ್ನೂ ಬಹಳ ದೂರ ಎಳೆಯುತ್ತಾನೆ. ಮುಚ್ಚಿದ ಪಾತ್ರೆಯಿಂದ ಗಾಳಿಯ ಬಹುಭಾಗವನ್ನು ಎಳೆದುಬಿಟ್ಟರೆ ಕಡಲ ನೀರು 45 ಡಿಗ್ರಿಯ ಹತ್ತಿರವೇ ಕುದಿಯತೊಡಗುತ್ತದೆ. ಅಷ್ಟು ಶಾಖಕ್ಕೆ ಬೇರೆ ಇಂಧನ ಉರಿಸಬೇಕಿಲ್ಲ, ಎಂಜಿನ್‌ ತಣಿಸಿ 80 ಡಿಗ್ರಿಗೆ ಬಿಸಿಯಾಗಿ ಹೊರಬರುವ ನೀರಿನ ಶಾಖವೇ ಸಾಕು. ಆವಿ ತಣಿದರೆ ಸಿಹಿನೀರು. ಸುಮ್ಮನೆ ಪೋಲಾಗುತ್ತಿದ್ದ ಶಾಖದಿಂದ ಕುಡಿಯುವ ನೀರು ಪಡೆಯುವ ಈ ಉಪಾಯ ನನಗೆ ಹಡಗಿನಲ್ಲಿರುವ ಎಲ್ಲ ಐಷಾರಾಮಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಂದು ತೊಡಕಿದೆ: ಅಷ್ಟು ಕಡಿಮೆ ಶಾಖದಲ್ಲಿ ರೋಗಾಣುಗಳೆಲ್ಲ ಸಾಯುತ್ತವೆ ಎನ್ನುವಂತಿಲ್ಲ. ಆದ್ದರಿಂದ ಬಂದರಿನ ಕೊಳಕು ನೀರಿನಲ್ಲಿ ಇದನ್ನು ನಡೆಸುವುದಿಲ್ಲ, ಬಂದ ನೀರಿಗೂ ಕ್ಲೋರಿನ್ ಹಾಕಿಯೇ ಟ್ಯಾಂಕಿಗೆ ಬಿಡುತ್ತಾರೆ. ಸಿಹಿನೀರಿನ ಪೂಲ್‌ ಇರುವ ಹಡಗೂ ಕೊನೆಗೆ ನೆಚ್ಚಿಕೊಂಡಿರುವುದು ದಡದಿಂದ ದೂರವಿರುವ ಕಡಲನ್ನೇ.

ಈಗ ಲೆಕ್ಕ ಹಾಕಿ. ಹಡಗಿನಲ್ಲಿ ಒಬ್ಬರಿಗೆ ದಿನಕ್ಕೆ ಸ್ನಾನ, ಅಡುಗೆ, ಬಟ್ಟೆ ಒಗೆತ ಎಲ್ಲ ಸೇರಿ 200ರಿಂದ 300 ಲೀಟರ್ ನೀರು ಬೇಕಾಗುತ್ತದೆ. (ನಮ್ಮ ಹಳ್ಳಿಗಳಿಗೆ ಜಲಜೀವನ್ ಮಿಷನ್ ಇಟ್ಟುಕೊಂಡಿರುವ ಗುರಿ ತಲೆಗೆ 55 ಲೀಟರ್. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.) ಪ್ರಯಾಣಿಕರು, ಸಿಬ್ಬಂದಿ ಸೇರಿ ನಾಲ್ಕು ಸಾವಿರ ಜನ ಇದ್ದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಅದರ ಮುಂದೆ ನಮ್ಮ 60 ಸಾವಿರ ಲೀಟರಿನ ಪೂಲ್‌ ಯಾವ ಲೆಕ್ಕ? ಒಮ್ಮೆ ತುಂಬಿ, ಶುದ್ಧ ಮಾಡುತ್ತಾ ಸುತ್ತಿಸುವುದಾದರೆ ಸಿಹಿನೀರು ದೊಡ್ಡ ಹೊರೆಯೇ ಅಲ್ಲ. ಆದರೆ ಒಳಬಿಟ್ಟು ಹೊರಬಿಡುವ ಪದ್ಧತಿಗೆ ಸಿಹಿನೀರು ಸಾಧ್ಯವಿಲ್ಲ. ನಾಲ್ಕು ಗಂಟೆಗೊಮ್ಮೆ ನೀರು ಬದಲಾಗಬೇಕೆಂದರೆ ಒಂದೇ ಪೂಲ್‌ಗೆ ದಿನಕ್ಕೆ ಮೂರೂವರೆ ಲಕ್ಷ ಲೀಟರಿಗೂ ಹೆಚ್ಚು ಬೇಕು. ಆದ್ದರಿಂದ ಆಯ್ಕೆ ನಿಜವಾಗಿ ಇರುವುದು ಉಪ್ಪು–ಸಿಹಿಗಳ ನಡುವೆ ಅಲ್ಲ. ಸದಾ ಬದಲಾಗುವ ನೀರು ಬೇಕೋ, ಅದೇ ನೀರನ್ನು ತಿದ್ದಿ ಬಳಸುವುದೋ ಎಂಬುದೇ ಮೂಲ ಪ್ರಶ್ನೆ. ರುಚಿ ಅದರ ಹಿಂದೆ ಬರುತ್ತದೆ.

ಕಡಲ ನೀರಿಗೆ ಇನ್ನೊಂದು ಅನುಕೂಲವಿದೆ, ಎಸೆಯಲು ಹೊಟ್ಟೆ ಉರಿಯುವುದಿಲ್ಲ. ಹಡಗಿನಲ್ಲಿ ಪೂಲ್‌ ಇರುವುದು ಸಾಮಾನ್ಯವಾಗಿ ಮೇಲಿನ ಡೆಕ್ಕುಗಳಲ್ಲಿ, ಹಡಗಿನ ತೂಕ ಎಲ್ಲಿ ಇರಬಾರದೋ ಅಲ್ಲಿ. 60 ಸಾವಿರ ಲೀಟರ್ ಎಂದರೆ 60 ಟನ್ (ಕಡಲ ನೀರಾದರೆ ಇನ್ನೂ ಒಂದೂವರೆ ಟನ್ ಜಾಸ್ತಿ). ತೂಕಕ್ಕಿಂತ ಕೆಟ್ಟದ್ದು ಅದರ ಓಲಾಟ. ಹಡಗು ಎಡಕ್ಕೆ ವಾಲಿದಾಗ ನೀರೂ ಎಡಕ್ಕೇ ಹೋಗಿ ವಾಲುವಿಕೆಯನ್ನು ಹೆಚ್ಚಿಸುತ್ತದೆ. ಈ ಪರಿಣಾಮ ಪೂಲ್‌ನ ಅಗಲದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ, ಅಂದರೆ ಅಗಲ ಎರಡರಷ್ಟಾದರೆ ಪರಿಣಾಮ ಎಂಟರಷ್ಟು. ‘ಇಷ್ಟು ದೊಡ್ಡ ಹಡಗಿಗೆ ಇಷ್ಟು ಸಣ್ಣ ಪೂಲಾ’ ಎಂದು ಮೂಗು ಮುರಿಯುವವರಿಗೆ ಅರ್ಧ ಉತ್ತರ ಇಲ್ಲಿದೆ. ಇನ್ನರ್ಧ, ಜಾಗಕ್ಕೆ ಇರುವ ಬೆಲೆ. 2024ರಲ್ಲಿ ಯಾನ ಆರಂಭಿಸಿದ, ಜಗತ್ತಿನ ಅತಿ ದೊಡ್ಡ ಪ್ರವಾಸಿ ಹಡಗುಗಳಲ್ಲೊಂದಾದ ‘ಐಕಾನ್ ಆಫ್ ದಿ ಸೀಸ್’ನಲ್ಲಿ ಪೂಲ್‌ಗಳು ಏಳು. ಇಡೀ ಡೆಕ್ಕನ್ನು ಕೆರೆ ಮಾಡಿಟ್ಟಿಲ್ಲ, ಬೇರೆಬೇರೆಯಾಗಿ ಹಂಚಿದ್ದಾರೆ. ಕಡಲು ಒರಟಾದಾಗ ಕ್ಯಾಪ್ಟನ್ ಪೂಲ್‌ ಖಾಲಿ ಮಾಡಿಸಬಹುದು. ತಯಾರಿಸಿದ ಸಿಹಿನೀರಾದರೆ ಅದು ನಷ್ಟ. ಕಡಲ ನೀರಾದರೆ ಇವತ್ತು ಬಿಟ್ಟು ನಾಳೆ ಮತ್ತೆ ತುಂಬಿಕೊಂಡರಾಯಿತು. ಹಾಗೆಂದು ಎಲ್ಲೆಂದರಲ್ಲಿ ಸುರಿಯುವಂತಿಲ್ಲ. ಅಮೆರಿಕದ ಕರಾವಳಿಯಲ್ಲಿ ಪೂಲ್‌ ನೀರನ್ನು ಹೊರಬಿಡುವ ಮೊದಲು ಅದರಲ್ಲಿನ ಕ್ಲೋರಿನ್ ತೆಗೆಯಬೇಕೆಂಬ ನಿಯಮವಿದೆ.

ಅನುಕೂಲಗಳು ಇಷ್ಟಾದರೆ, ಕಡಲ ನೀರಿನ ದೊಡ್ಡ ಪಾಪ ತುಕ್ಕು. ಅದರ ಕ್ಲೋರೈಡು ಸ್ಟೇನ್‌ಲೆಸ್ ಸ್ಟೀಲಿನ ಹೊಳಪಿನ ಪದರವನ್ನು ಅಲ್ಲಲ್ಲಿ ಭೇದಿಸಿ ಸೂಜಿಮೊನೆಯ ಗುಂಡಿಗಳನ್ನು ತೋಡುತ್ತದೆ. ಏಣಿ, ಪಂಪು, ಫಿಲ್ಟರ್, ನೀರು ಬಿಸಿಮಾಡುವ ಸಾಧನ ಎಲ್ಲಕ್ಕೂ ದುಬಾರಿ ಲೋಹ ಬೇಕು. ಜಾರುಬಂಡಿ, ಚಿಮ್ಮುವ ಕಾರಂಜಿ, ಮಕ್ಕಳ ನೀರಾಟದ ಬಕೆಟ್ಟುಗಳ ಸಣ್ಣ ತೂತುಗಳಲ್ಲಿ ನೀರು ಆರಿದರೆ ಉಪ್ಪು ಹರಳುಗಟ್ಟುತ್ತದೆ. ನಾರ್ವೆ, ಅಲಾಸ್ಕಾದಂಥ ಕಡೆ ಹೊಸ ಕಡಲ ನೀರು ಒಳಬರುತ್ತಲೇ ಇದ್ದರೆ ಅದನ್ನು ಬಿಸಿ ಮಾಡಿಯೇ ಸಾಕಾಗುತ್ತದೆ. ಪೂಲ್‌ ಎಂದರೆ ಬರೀ ಒಂದು ತೊಟ್ಟಿ ಆಗಿದ್ದ ಕಾಲ ಹೋಗಿ ಜಾರುಬಂಡಿಗಳ ಕಾಲ ಬಂದಿರುವುದರಿಂದ ಸಿಹಿನೀರಿನ ಕಡೆ ವಾಲುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಇನ್ನು ಜನ ನಿಜವಾಗಿ ಕೇಳಬೇಕಾದ ಪ್ರಶ್ನೆಗೆ ಬರೋಣ. ಯಾವುದು ಶುದ್ಧ? ಪೂಲ್‌ಗೆ ಕ್ಲೋರಿನ್ ಹಾಕಿದಾಗ ಅದು ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಹೈಪೊಕ್ಲೋರಸ್ ಆಮ್ಲ ಎಂಬ ರೂಪ ಕ್ರಿಮಿಗಳನ್ನು ಚುರುಕಾಗಿ ಕೊಲ್ಲುತ್ತದೆ, ಹೈಪೊಕ್ಲೋರೈಟ್ ಎಂಬುದು ಬಹಳ ಮಂದ. ಯಾವುದು ಎಷ್ಟು ಎಂಬುದನ್ನು ತೀರ್ಮಾನಿಸುವುದು ನೀರಿನ ಪಿಎಚ್, ಅಂದರೆ ಅದು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ. 7.5ರಲ್ಲಿ ಅರ್ಧ ಅರ್ಧ. 8ಕ್ಕೆ ಏರಿದರೆ ಚುರುಕಿನ ಪಾಲು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿಯೇ ಪಿಎಚ್ 7ರಿಂದ 7.8ರ ಒಳಗಿರಲಿ, ಕ್ಲೋರಿನ್ ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಇರಲಿ ಎಂದು ಸಿಡಿಸಿ ಹೇಳುವುದು. ಬರೀ ಕ್ಲೋರಿನ್ ಸುರಿದು ಪಿಎಚ್ ನೋಡದ ಪೂಲ್‌ನಲ್ಲಿ ದುಡ್ಡೂ ದಂಡ, ಕಣ್ಣೂ ಉರಿ.

ಸಮುದ್ರದ ನೀರಿನ ಪಿಎಚ್ ಸಹಜವಾಗಿಯೇ 8ರ ಮೇಲಿದೆ. ಹಾಗಾದರೆ ಅದರಲ್ಲಿ ಕ್ಲೋರಿನ್ ದಂಡವೇ? ಇಲ್ಲಿ ಕಡಲು ಒಂದು ಉಪಕಾರ ಮಾಡುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇದೆ. ಕ್ಲೋರಿನ್ ಬಿದ್ದ ಕೂಡಲೇ ಅದು ಬ್ರೋಮೈಡನ್ನು ಬ್ರೋಮಿನ್ ಆಗಿ ಬದಲಿಸುತ್ತದೆ. ಬ್ರೋಮಿನ್ನಿನ ಚುರುಕಿನ ರೂಪ ಪಿಎಚ್ 8ರಲ್ಲೂ ಐದರಲ್ಲಿ ನಾಲ್ಕು ಪಾಲು ಉಳಿದುಕೊಂಡಿರುತ್ತದೆ. ಹಾಗಾಗಿ ಕಡಲ ನೀರಿನ ಪೂಲ್‌ಗೆ ಕ್ಲೋರಿನ್ ಹಾಕಿದರೂ ಅಲ್ಲಿ ಕೆಲಸ ಮಾಡುವುದು ಬ್ರೋಮಿನ್. ಆದರೆ ಬಿಸಿಲು ಇವೆರಡನ್ನೂ ತಿಂದುಹಾಕುತ್ತದೆ. ಊರಿನ ಪೂಲ್‌ಗಳಲ್ಲಿ ಸಯನ್ಯೂರಿಕ್ ಆಮ್ಲ ಬೆರೆಸಿ ಕ್ಲೋರಿನನ್ನು ಬಿಸಿಲಿನಿಂದ ಕಾಪಾಡಬಹುದು, ಬ್ರೋಮಿನ್ನಿಗೆ ಆ ಕೊಡೆ ಇಲ್ಲ. ಹೀಗಾಗಿ ತೆರೆದ ಡೆಕ್ಕಿನ ಕಡಲ ನೀರಿನ ಪೂಲ್‌ಗೆ ಯಂತ್ರ ಬಿಡುವಿಲ್ಲದೆ ಔಷಧಿ ತೊಟ್ಟಿಕ್ಕಿಸುತ್ತಿರಬೇಕು.

ಪೂಲ್‌ನ ಪಕ್ಕ ನಿಂತಾಗ ಮೂಗಿಗೆ ಬಡಿಯುವ ‘ಕ್ಲೋರಿನ್ ವಾಸನೆ’ ಹೆಚ್ಚಿನ ಸಲ ಕ್ಲೋರಿನ್ನಿನದಲ್ಲ. ಬೆವರು, ಮೂತ್ರ, ಮೈಗೆ ಹಚ್ಚಿದ ಕ್ರೀಮುಗಳ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನ್‌ಗಳದು. ಕಣ್ಣು ಉರಿಸುವುದೂ ಮುಖ್ಯವಾಗಿ ಅವೇ. ಘಾಟು ಬಡಿದರೆ ‘ಔಷಧಿ ಜಾಸ್ತಿ ಹಾಕಿದ್ದಾರೆ’ ಎನ್ನುವುದಕ್ಕಿಂತ ‘ಜನ ಸ್ನಾನ ಮಾಡದೆ ಇಳಿದಿದ್ದಾರೆ’ ಎಂದುಕೊಳ್ಳುವುದು ಸತ್ಯಕ್ಕೆ ಹತ್ತಿರ. ಕಡಲ ನೀರಿನಲ್ಲಿ ಕಣ್ಣು ಉರಿಯಲು ಉಪ್ಪಿನ ಕಾರಣವೂ ಇದೆ. ಅದು ಕಣ್ಣೀರಿಗಿಂತ ನಾಲ್ಕು ಪಟ್ಟು ಗಡುಸು.

ಸಿಹಿನೀರು ಎಂದ ಮಾತ್ರಕ್ಕೆ ಸುರಕ್ಷಿತ ಅಲ್ಲ ಎಂಬುದಕ್ಕೆ ಹಡಗುಗಳ ಚರಿತ್ರೆಯಲ್ಲೇ ಪಾಠವಿದೆ. 1994ರಲ್ಲಿ ಒಂದು ಪ್ರವಾಸಿ ಹಡಗಿನ ಒಂಬತ್ತು ಯಾನಗಳಲ್ಲಿ ಒಟ್ಟು 50 ಪ್ರಯಾಣಿಕರಿಗೆ ಲೀಜನೇರ್ಸ್ ಎಂಬ ನ್ಯುಮೋನಿಯಾ ಬಂತು. ಹುಡುಕುತ್ತಾ ಹೋದಾಗ ಮೂಲ ಸಿಕ್ಕಿದ್ದು ಬಿಸಿನೀರಿನ ವರ್ಲ್‌ಪೂಲ್‌ನಲ್ಲಿ. ಆ ರೋಗಾಣು ಸಿಹಿನೀರಿನದು, ಉಗುರುಬೆಚ್ಚಗಿನ ನೀರು ಅದಕ್ಕೆ ಇಷ್ಟ. ಗುಳ್ಳೆಗಳು ಒಡೆದು ಏಳುವ ಸಣ್ಣ ಹನಿಗಳ ಮೂಲಕ ಶ್ವಾಸಕೋಶ ಸೇರುತ್ತದೆ. ನೀರಿಗೆ ಇಳಿಯದೆ ಪಕ್ಕದಲ್ಲಿ ಸುಮ್ಮನೆ ಕುಳಿತವರಿಗೂ ಅದು ತಗಲಬಹುದು. ಬಿಸಿನೀರಿನ ತೊಟ್ಟಿಗಳಲ್ಲಿ ಕ್ಲೋರಿನ್ ಕನಿಷ್ಠ 3 ಮಿಲಿಗ್ರಾಂ ಇರಬೇಕೆಂದು ಸಿಡಿಸಿ ಒತ್ತಾಯಿಸುವುದು ಇಂಥ ಕಾರಣಕ್ಕೆ. ಕೊಡಗಿನ ಚಳಿಗೆ ಜಕೂಝಿ ಇಟ್ಟಿರುವ ರೆಸಾರ್ಟುಗಳಿಗೂ ಈ ಮಾತು ಅನ್ವಯ, ಇದನ್ನು ನಾನು ಒತ್ತಿ ಹೇಳುತ್ತೇನೆ.

ಇನ್ನೊಂದು ರೋಗಾಣು ಕ್ರಿಪ್ಟೊಸ್ಪೊರಿಡಿಯಂ. ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ಒಂದು ವಾರಕ್ಕಿಂತ ಹೆಚ್ಚು ಬದುಕಬಲ್ಲುದು, ಭೇದಿ ಇರುವವರ ಮೈಯಿಂದ ನೀರಿಗೆ ಬರುತ್ತದೆ. ಡೈಪರ್ ಹಾಕುವ ವಯಸ್ಸಿನ ಮಕ್ಕಳನ್ನು ಹಡಗಿನ ಪೂಲ್‌ಗೆ ಬಿಡದಿರುವುದಕ್ಕೆ ಇಂಥವೇ ಕಾರಣ. ಅಜ್ಜಿಯಂದಿರು ಸಿಬ್ಬಂದಿಯ ಜೊತೆ ಜಗಳಕ್ಕೆ ನಿಂತರೂ ಅವರು ಬಗ್ಗುವುದಿಲ್ಲ, ಬಗ್ಗಬಾರದು ಕೂಡ. ಕಡಲ ನೀರಿಗೂ ಅದರದೇ ಅಪಾಯವಿದೆ. ಬೆಚ್ಚಗಿನ ಕರಾವಳಿ ನೀರಿನಲ್ಲಿ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾಗಳಿರುತ್ತವೆ. ಕೆಲವು ಬಗೆಯವು ತೆರೆದ ಗಾಯದ ಮೂಲಕ ಒಳಹೋದರೆ ಲಿವರ್ ತೊಂದರೆ, ಸಕ್ಕರೆ ಕಾಯಿಲೆ ಇರುವವರಿಗೆ ತೀವ್ರವಾಗಬಹುದು. ಜಿಗಣೆ ಕಚ್ಚಿ ಕೆರೆದುಕೊಂಡ ಕಾಲಿನಲ್ಲಿ ಹಡಗು ಹತ್ತುವವರು ನಮ್ಮಲ್ಲಿ ಇದ್ದಾರು, ಗಾಯ ಒಣಗುವವರೆಗೆ ಯಾವ ಪೂಲ್‌ಗೂ ಇಳಿಯದಿರುವುದು ಒಳ್ಳೆಯದು.

ಈಜುವ ಅನುಭವದಲ್ಲಿ ವ್ಯತ್ಯಾಸವಿಲ್ಲವೇ ಎಂದರೆ, ಇದೆ. ಕಡಲ ನೀರು ಸಿಹಿನೀರಿಗಿಂತ ಶೇಕಡಾ 2.5ರಷ್ಟು ಭಾರ, ಹಾಗಾಗಿ ಮೈ ಇನ್ನಷ್ಟು ಸಲೀಸಾಗಿ ತೇಲುತ್ತದೆ. ತೋಟದ ಕೆರೆಯಲ್ಲಿ ಈಜು ಕಲಿತವರಿಗೆ ಇದು ಮೊದಲ ಕೈಬೀಸಿಗೇ ಗೊತ್ತಾಗುತ್ತದೆ. ಮೈ ಆರಿದ ಮೇಲೆ ಚರ್ಮ ಬಿಗಿದಂತಾಗುವುದು, ಕೂದಲು ಒರಟಾಗುವುದು ಇದ್ದದ್ದೇ.

ಹಡಗು ಹತ್ತಿದ ಮೇಲೆ ಕೇಳಬೇಕಾದ್ದು ‘ಉಪ್ಪೋ ಸಿಹಿಯೋ’ ಎಂದಲ್ಲ. ‘ಕ್ಲೋರಿನ್ ಎಷ್ಟಿದೆ, ಪಿಎಚ್ ಎಷ್ಟಿದೆ, ಕೊನೆಯ ಸಲ ಯಾವಾಗ ನೋಡಿದಿರಿ’ ಎಂದು ಕೇಳಿ. ಒಳ್ಳೆಯ ಹಡಗಿನಲ್ಲಿ ಇದರ ದಾಖಲೆ ಇರುತ್ತದೆ. ಇದೇ ಪ್ರಶ್ನೆಯನ್ನು ಹೋಂಸ್ಟೇಯಲ್ಲೂ ಕೇಳಬಹುದು. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ತೋರಿಸುವ ಡಿಪಿಡಿ ಟೆಸ್ಟ್ ಕಿಟ್ ದುಬಾರಿಯೇನಲ್ಲ. ಆದರೆ ಆ ಕಿಟ್ಟಿಗೆ ಕ್ಲೋರಿನ್, ಬ್ರೋಮಿನ್‌ಗಳ ನಡುವಿನ ಭೇದ ಗೊತ್ತಾಗುವುದಿಲ್ಲ. ಕಡಲ ನೀರನ್ನು ಅದರಲ್ಲಿ ನೋಡಿದರೆ ಸಿಕ್ಕ ಕ್ಲೋರಿನ್ ಅಂಕಿಯನ್ನು 2.25ರಿಂದ ಗುಣಿಸಿದಾಗ ಬ್ರೋಮಿನ್ ಲೆಕ್ಕ ಸಿಗುತ್ತದೆ. ನೆಲದ ಸಾಲ್ಟ್ ಪೂಲ್‌ನಲ್ಲಿ ಅದರ ಗೋಜಿಲ್ಲ, ಕಂಡ ಅಂಕಿಯೇ ಕ್ಲೋರಿನ್.